ಇಂಜಿನ್ ಜೋಡಿಸಿ ಆಯ್ತು, ತಟ್ಟೆಯಲ್ಲಿ ನಾಲ್ಕು ಸಾಮಾನು ಉಳಿದಿದೆ!

ಪ್ರಶ್ನೆ: ನನ್ನ ಯಮಹಾ ಆರ್‌ಎಕ್ಸ್ 100ಗೆ ಬೋರ್ ಮಾಡಿಸಿ ಹೊಸ ಪಿಸ್ಟನ್ ಕಿಟ್, ಕ್ಲಚ್ ಪ್ಲೇಟ್, ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್ ಹಾಕಿದೆ. ಕ್ರ್ಯಾಂಕ್‌ಕೇಸ್, ಅಂದರೆ ಇಂಜಿನ್ನಿನ ಕೆಳಗಿನ ಪೆಟ್ಟಿಗೆ, ಬಿಚ್ಚಲಿಲ್ಲ. ಈಗ ಒಂದು ಉಕ್ಕಿನ ಗುಂಡು, ಅರ್ಧಚಂದ್ರದಂಥ ತುಂಡು, ತೆಳು ವಾಷರ್, ಪಿಸ್ಟನ್ ಪಿನ್ನಿನ ತಂತಿ ಲಾಕ್ ಉಳಿದಿವೆ. ಹಾಗೇ ಸ್ಟಾರ್ಟ್ ಮಾಡಬಹುದಾ?

ಉತ್ತರ: ಬೇಡ. ಮೊದಲು ಕಿಕ್ಕರ್ ಬಿಚ್ಚಿ ಒಳಗಿಡಿ. ಮನೆಯಲ್ಲಿ ಯಾರಾದರೂ ಸುಮ್ನೆ ಒಂದು ಕಿಕ್ ಹೊಡೆದೇ ಹೊಡೆಯುತ್ತಾರೆ.

ನನಗೆ ಭಯ ಇರೋದು ಆ ಲಾಕ್ ಬಗ್ಗೆ. ಉಳಿದಿದೆ ಅಂತಲ್ಲ, ಒಂದೇ ಉಳಿದಿದೆ ಅಂತ. ಕಿಟ್‌ನಲ್ಲಿ ಹೊಸ ಲಾಕ್ ಎರಡು ಬರುತ್ತವೆ, ಹಳೆಯವು ಎರಡು ಹೊರಬರುತ್ತವೆ. ಅಂದರೆ ತಟ್ಟೆಯಲ್ಲಿ ಎರಡು ಇರಬೇಕಿತ್ತು, ಅಲ್ವಾ? ಬಣ್ಣ ನೋಡಿ. ಕಪ್ಪಗಿದ್ದರೆ ಹಳೆಯದು. ಅದರ ಜೋಡಿ ಚಿಮ್ಮಿ ಎಲ್ಲಿ ಬಿತ್ತು? ಗ್ಯಾರೇಜ್ ಮೂಲೆಯಲ್ಲಿ ಬಿದ್ದಿದ್ದರೆ ಪುಣ್ಯ. ಕ್ರ್ಯಾಂಕ್‌ಕೇಸ್ ಒಳಗೆ ಬಿದ್ದಿದ್ದರೆ ಇಡೀ ಇಂಜಿನ್ನಿಗೆ ಏಟು. ಲಾಕ್ ಹೊಳೆಯುತ್ತಿದ್ದರೆ ಅದು ಹೊಸದು. ಆಗ ಪಿಸ್ಟನ್ನಿನ ಒಂದು ಕಡೆ ಲಾಕ್ ಇಲ್ಲ, ಇಲ್ಲವೇ ಹಳೆಯದೇ ಕೂತಿದೆ. ಲಾಕ್ ಇಲ್ಲದಿದ್ದರೆ ಪಿನ್ ಪಕ್ಕಕ್ಕೆ ಜರುಗಿ ಈಗಷ್ಟೇ ಮಾಡಿಸಿದ ಬೋರನ್ನು ಗೀರಿಹಾಕುತ್ತದೆ.

ಎರಡರಲ್ಲಿ ಯಾವುದಾದರೂ ಬ್ಲಾಕ್, ಅಂದರೆ ಸಿಲಿಂಡರ್, ಎತ್ತಲೇಬೇಕು. ಟಾರ್ಚ್ ಹಾಕಿ, ಕ್ರ್ಯಾಂಕನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತಾ ಒಳಗೆ ನೋಡಿ. ಎಲ್ಲಾದರೂ ಸಿಕ್ಕಿಕೊಂಡ ಹಾಗಾದರೆ ತಕ್ಷಣ ನಿಲ್ಲಿಸಿ. ಮತ್ತೆ ಲಾಕ್ ಹಾಕುವ ಮುಂಚೆ ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿ, ಎರಡೂ ಲಾಕ್ ಹೊಸವೇ ಹಾಕಿ. ನಾನೂ ಒಮ್ಮೆ ಅರ್ಧ ದಿನ ಹುಡುಕಿದ್ದೇನೆ. ಕೊನೆಗೆ ಸಿಕ್ಕಿದ್ದು ನನ್ನ ಷರ್ಟ್ ಜೇಬಲ್ಲಿ.

ಅರ್ಧಚಂದ್ರದ ತುಂಡು ಹಾಫ್ ಮೂನ್ ಕೀ. ಕ್ರ್ಯಾಂಕಿನ ಎಡ ತುದಿಯಲ್ಲಿ, ಮ್ಯಾಗ್ನೆಟ್ ಒಳಗೆ ಕೂರಬೇಕು. ಅದಿಲ್ಲದಿದ್ದರೂ ನಟ್ ಬಿಗಿದರೆ ಮ್ಯಾಗ್ನೆಟ್ ಗಟ್ಟಿಯಾಗೇ ಕೂರುತ್ತದೆ, ಆದರೆ ಎಲ್ಲೆಲ್ಲೋ ಕೂರುತ್ತದೆ. ಕಿಡಿ ಹೊತ್ತಲ್ಲದ ಹೊತ್ತಿಗೆ ಬಂದು ಕಿಕ್ಕರ್ ಕಾಲಿಗೆ ವಾಪಸ್ ಹೊಡೆಯಬಹುದು. ಮ್ಯಾಗ್ನೆಟ್ ಬಿಚ್ಚಲು ಪುಲ್ಲರ್ (ಅದನ್ನು ಎಳೆದು ತೆಗೆಯುವ ಸಾಧನ) ಬಳಸಿ, ಸುತ್ತಿಗೆ ಬೇಡ.

ಗುಂಡು ಕ್ಲಚ್ಚಿನದು. ಒಳಗೆ ತಳ್ಳುವ ಎರಡು ಕಡ್ಡಿಗಳಿವೆ, ಅವುಗಳ ನಡುವೆ ಇರುತ್ತದೆ. ಅದಿಲ್ಲದೆ ಕೇಬಲ್ ಎಷ್ಟು ಬಿಗಿ ಮಾಡಿದರೂ ಕ್ಲಚ್ ಬಿಡಲ್ಲ. ಸ್ವಲ್ಪ ಗ್ರೀಸ್ ಹಚ್ಚಿ ಕೂರಿಸಿ.

ವಾಷರ್ ತನ್ನ ಜಾಗ ತಾನೇ ಹೇಳುತ್ತದೆ. ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಎರಡೂ ಮುಖದಲ್ಲಿ ಬಳೆಯಂತೆ ಉಜ್ಜಿದ ಹೊಳಪಿದ್ದರೆ ಅದು ತಿರುಗುವ ಭಾಗಗಳ ನಡುವಿನದು. ಬಹುಶಃ ಕ್ಲಚ್ ಪ್ಲೇಟ್ ಕೂರುವ ಬಾಸ್ಕೆಟ್ ಮತ್ತು ಅದರೊಳಗಿನ ಬಾಸ್ ನಡುವೆ ಇದ್ದದ್ದು. ಒಂದೇ ಮುಖದಲ್ಲಿ ಕಚ್ಚಿದ ಗುರುತಿದ್ದರೆ ನಟ್ ಕೆಳಗಿನದು. ಅನುಮಾನ ಇದ್ದರೆ ವರ್ನಿಯರ್‌ನಲ್ಲಿ ಒಳ ಅಳತೆ ತೆಗೆದು ಶಾಫ್ಟ್ ಜೊತೆ ಹೋಲಿಸಿ, ಪಾರ್ಟ್ಸ್ ಕ್ಯಾಟಲಾಗ್‌ನ ಬಿಡಿ ಚಿತ್ರದಲ್ಲಿ ಎಣಿಸಿ. ಗಾಡಿಯ ತಯಾರಿಕೆ 1996ರಲ್ಲೇ ನಿಂತರೂ ಚಿತ್ರ ಇನ್ನೂ ಸಿಗುತ್ತದೆ.

ಕ್ಲಚ್ ಇರುವ ಬಲಗಡೆ ಕವರ್ ತೆಗೆಯುವ ಮುಂಚೆ ಗೇರ್ ಆಯಿಲ್ ಇಳಿಸಿ. ಬ್ಲಾಕ್ ಕೆಳಗಿನ ಗ್ಯಾಸ್ಕೆಟ್ ಹೊಸದೇ ತನ್ನಿ.