ನೀರುಗಂಟಿಗೆ ಕಾಳು ಅಳೆಯೋರು ಯಾರು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ರಾಶಿ ಸಾಫ್ಟ್‌ವೇರ್ ಬರೆದು, ಸೋರ್ಸ್ ಕೋಡ್, ಅಂದರೆ ಅದನ್ನು ಬರೆದ ಮೂಲ ಸಾಲುಗಳ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟ ಮನುಷ್ಯ ಅಂತ. ಅಷ್ಟಕ್ಕೇ ಪತ್ರಗಳು ಬಂದು ಬಿದ್ದಿವೆ. ಅದರಲ್ಲೂ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವೇ ಜಾಸ್ತಿ. ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ ಊರುಗಳಲ್ಲಿ ಯೋಚನೆ ಮಾಡಲು ಹೊತ್ತು ಸಿಗುತ್ತದೇನೋ! ಆದ್ದರಿಂದ ಈ ಸಲ ಪೂರ್ತಿ ಅದೇ ವಿಷಯ.

ಇಂಜಿನಿಯರಿಂಗ್ ಕಡೇ ವರ್ಷದಲ್ಲಿದ್ದೇನೆ. ಕೋಡು ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ನನ್ನದೇ 43 ಪ್ರಾಜೆಕ್ಟ್ ಇವೆ. ಬೆಲ್ಲಾರ್ ಥರ ಆಗಬೇಕು ಅಂದರೆ ದಿನಕ್ಕೆ ಎಷ್ಟು ಗಂಟೆ ಕೋಡ್ ಬರೆಯಬೇಕು?
— ವಿದ್ಯಾರ್ಥಿ, ತುಮಕೂರು

ಗಂಟೆ ಲೆಕ್ಕ ಬಿಡಿ. ಮೊದಲು ಆ ಮನುಷ್ಯ ಏನೇನು ಮಾಡಿದ್ದಾನೆ ನೋಡಿ. 1989ರಲ್ಲಿ, ಇನ್ನೂ ಹುಡುಗ, ಡಾಸ್ ಪ್ರೋಗ್ರಾಮುಗಳನ್ನು ಕುಗ್ಗಿಸಿ ಚಿಕ್ಕದು ಮಾಡುವ ಎಲ್‌ಝೆಡ್‌ಎಕ್ಸ್‌ಇ ಬರೆದ. 2000ದಲ್ಲಿ ಎಫ್‌ಎಫ್‌ಎಂಪೆಗ್ ಶುರು ಮಾಡಿದ. ನೀವು ವಿಎಲ್‌ಸಿಯಲ್ಲಿ ಸಿನಿಮಾ ನೋಡುವಾಗ ಒಳಗೆ ವಿಡಿಯೋ ಬಿಚ್ಚಿ ಕೊಡುವುದು ಬಹುಪಾಲು ಅದರದ್ದೇ ಕೋಡು. 2003ರಲ್ಲಿ ಕ್ಯೂಎಮು ಬಂತು. ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರ್ ಇದ್ದಂತೆ ನಟಿಸುವ ಸಾಫ್ಟ್‌ವೇರ್ ಅದು. ಇವತ್ತು ಆಂಡ್ರಾಯ್ಡ್ ಆ್ಯಪ್ ಮಾಡುವವರು ಬಳಸುವ ಎಮ್ಯುಲೇಟರ್ ನಿಂತಿರುವುದು ಅದರ ಮೇಲೇ. ಮಧ್ಯೆ, ಸಿ ಭಾಷೆಯ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಒಂದು ಪುಟ್ಟ ಕಂಪೈಲರ್. 2009ರ ಕೊನೆಗೆ, ಅಂಗಡಿಯಲ್ಲಿ ಸಿಗುವಂಥ ಡೆಸ್ಕ್‌ಟಾಪ್ ಒಂದರಲ್ಲಿ, ಪೈ ಬೆಲೆಯನ್ನು ಸುಮಾರು 2.7 ಲಕ್ಷ ಕೋಟಿ ಅಂಕಿಗಳವರೆಗೆ ಲೆಕ್ಕ ಹಾಕಿ ದಾಖಲೆ ಮಾಡಿದ. ಅದಕ್ಕೆ ಮುಂಚಿನ ದಾಖಲೆ ಇದ್ದದ್ದು ಜಪಾನಿನ ಸೂಪರ್ ಕಂಪ್ಯೂಟರ್ ಒಂದರ ಹೆಸರಲ್ಲಿ! 2011ರಲ್ಲಿ ಬ್ರೌಸರ್ ಒಳಗೇ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಓಡಿಸಿದ. 2019ರಲ್ಲಿ ಕ್ವಿಕ್‌ಜೆಎಸ್ ಎಂಬ, ವೆಬ್ ಪುಟಗಳ ಜಾವಾಸ್ಕ್ರಿಪ್ಟ್ ಭಾಷೆ ಓಡಿಸುವ ಎಂಜಿನ್.

ಈಗ ಲೆಕ್ಕ ಹಾಕಿ. ಮೂವತ್ತು ವರ್ಷಕ್ಕೆ ದೊಡ್ಡವು ಏಳೆಂಟು. ನಿಮ್ಮ 43ರ ಮುಂದೆ ಎಷ್ಟು ಕಮ್ಮಿ ಅಲ್ವಾ?

ನಾನು ಗಮನಿಸಿದ್ದು ಇನ್ನೊಂದಿದೆ. ಅವನು ಕಟ್ಟಿದ, ಆಮೇಲೆ ಬೇರೆಯವರ ಕೈಗೆ ಬಿಟ್ಟು ಮುಂದಿನದಕ್ಕೆ ಹೋದ. ಎಫ್‌ಎಫ್‌ಎಂಪೆಗ್ ಆಗಲಿ ಕ್ಯೂಎಮು ಆಗಲಿ ಇವತ್ತಿಗೂ ಉಸಿರಾಡುತ್ತಿದ್ದರೆ ಆಮೇಲೆ ಬಂದು ಅದರ ಬಗ್, ಅಂದರೆ ತಪ್ಪು, ತೆಗೆದು, ಹೊಸ ಚಿಪ್ಪಿಗೆ ಹೊಂದಿಸಿ, ಬಂದ ದೂರುಗಳಿಗೆಲ್ಲ ಉತ್ತರ ಬರೆದವರಿಂದ. ಗಿಟ್ ಕತೆಯೂ ಇದೇ. ಕೋಡಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಅಂತ ಲೆಕ್ಕ ಇಡುವ ಸಾಫ್ಟ್‌ವೇರ್ ಅದು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಕೆಲವೇ ದಿನದಲ್ಲಿ ಅದನ್ನು ನಿಲ್ಲಿಸಿದರು ಅಂತ ಎಲ್ಲರೂ ಹೇಳುತ್ತಾರೆ. ಅದೇ ಜುಲೈನಲ್ಲಿ ಜೂನಿಯೊ ಹಮಾನೊ ಎಂಬವರಿಗೆ ಒಪ್ಪಿಸಿದರು, ಅಲ್ಲಿಂದ ಇಲ್ಲಿವರೆಗೆ ಗಿಟ್ ನೋಡಿಕೊಳ್ಳುತ್ತಿರುವುದು ಅವರು. ನಿಮ್ಮ ಕ್ಲಾಸಿನಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತು, ಕೇಳಿ ನೋಡಿ.

ಆದ್ದರಿಂದ ನನ್ನ ಮರುಪ್ರಶ್ನೆ. ಆ 43ರಲ್ಲಿ ನೀವೇ ದಿನಾ ಬಳಸುವುದು ಎಷ್ಟು? ಬೇರೆ ಒಬ್ಬರಾದರೂ ಬಳಸುವುದು ಎಷ್ಟು? ಒಂದೇ ಒಂದು ಇದ್ದರೂ ಅದನ್ನು ಹಿಡಿದುಕೊಳ್ಳಿ. ಮಿಕ್ಕ 42 ಅಲ್ಲೇ ಇರಲಿ, ಏನೂ ತೊಂದರೆ ಇಲ್ಲ.

ಸ್ವಾಮಿ, ನಾವು ರೇಷ್ಮೆ ಮಾಡೋರು. ಮಗ ಓದಿದ್ದಾನೆ, ಬೆಂಗಳೂರಲ್ಲಿ ಕೆಲಸ ಇದೆ. ಊರಿಗೆ ಬಂದರೂ ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ. ಯಾರ್ಯಾರೋ ಪರದೇಶದವರಿಗೆ ಬಿಟ್ಟಿ ಕೆಲಸ ಮಾಡಿಕೊಡುತ್ತಾನಂತೆ. ಕೇಳಿದರೆ ಓಪನ್ ಸೋರ್ಸ್ ಅಂತಾನೆ. ಇದರಿಂದ ಹೊಟ್ಟೆ ತುಂಬುತ್ತಾ?
— ಒಬ್ಬ ತಾಯಿ, ಶಿಡ್ಲಘಟ್ಟದ ಹತ್ತಿರ

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಓಪನ್ ಸೋರ್ಸ್ ಅಂದರೆ ಬರೆದ ಕೋಡನ್ನು ಯಾರು ಬೇಕಾದರೂ ನೋಡಲಿ, ಬಳಸಲಿ, ತಿದ್ದಲಿ ಅಂತ ಬಿಡೋದು.

ನಿಮ್ಮ ಕಡೆ ಹಳೆಯ ಕೆರೆಗಳಿಗೆ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ, ನೆನಪಿದೆಯಾ? ಕೆರೆ ಅವನದಲ್ಲ, ಗದ್ದೆಯೂ ಅವನದಲ್ಲ. ತೂಬು ಎತ್ತೋದು, ಇಳಿಸೋದು, ಕಾಲುವೆಯ ಹೂಳು ನೋಡೋದು, ಕಡೇ ಗದ್ದೆಗೂ ನೀರು ಮುಟ್ಟಿತಾ ಅಂತ ರಾತ್ರಿ ಲಾಟೀನು ಹಿಡಿದು ಹೋಗೋದು ಅವನ ಕೆಲಸ. ಸುಗ್ಗಿ ಬಂದಾಗ ಅಚ್ಚುಕಟ್ಟಿನ ರೈತರು ಕಣದಲ್ಲಿ ಅವನಿಗೆ ಇಷ್ಟು ಅಂತ ಕಾಳು ಅಳೆಯುತ್ತಿದ್ದರು. ನಿಮ್ಮ ಮಗ ಮಾಡುತ್ತಿರುವುದು ಹೆಚ್ಚುಕಮ್ಮಿ ಆ ಕೆಲಸ. ಅದಕ್ಕೆ ಮೇಂಟೇನರ್ ಅಂತ ಇಂಗ್ಲಿಷ್ ಹೆಸರು ಅಷ್ಟೇ. ಒಂದು ವ್ಯತ್ಯಾಸ ಏನಪ್ಪಾ ಅಂದರೆ ಇಲ್ಲಿ ಎಷ್ಟೋ ದೊಡ್ಡ ಗದ್ದೆಯವರು, ಅಂದರೆ ಕಂಪನಿಗಳು, ನೀರು ಹಾಯಿಸಿಕೊಂಡು ಕಾಳು ಅಳೆಯದೆ ಮನೆಗೆ ಹೋಗುತ್ತಾರೆ.

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಬ್ಯಾಂಕು, ಅಂಗಡಿ, ಮೇಲ್ ಎಲ್ಲದರ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್ ಎಂಬ ಸಾಫ್ಟ್‌ವೇರ್ ಇದೆ. 2014ರಲ್ಲಿ ಅದರಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ದೊಡ್ಡ ತೂತು ಸಿಕ್ಕಿತು. ಆಗ ಗೊತ್ತಾಯಿತು, ಅದಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್, ಪೂರ್ತಿ ಹೊತ್ತು ಅದೇ ಕೆಲಸ ಮಾಡುತ್ತಿದ್ದವನು ಒಬ್ಬನೇ. ಕೋಡಿ ಒಡೆದ ಮೇಲೆ ಎಲ್ಲರೂ ಓಡಿ ಬಂದರು, ದುಡ್ಡೂ ಬಂತು.

ಹೊಟ್ಟೆ ತುಂಬಿದವರೂ ಇದ್ದಾರೆ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1996ರ ಸುಮಾರಿಗೆ, ಹಣದ ವಿನಿಮಯ ದರ ತಾನಾಗೇ ತಂದುಕೊಡಲಿ ಅಂತ, ಯಾರೋ ಬರೆದಿದ್ದ ಒಂದು ಪುಟ್ಟ ಪ್ರೋಗ್ರಾಮ್ ಕೈಗೆತ್ತಿಕೊಂಡರು. ಇಂಟರ್ನೆಟ್ಟಿನಿಂದ ಮಾಹಿತಿ ತರುವ ಆ ಪ್ರೋಗ್ರಾಮಿಗೆ 1998ರಲ್ಲಿ ಕರ್ಲ್ ಅಂತ ಹೆಸರಾಯಿತು. ಇವತ್ತು ಅದು ಟಿವಿ, ಕಾರು, ಫೋನು ಎಲ್ಲದರಲ್ಲೂ ಇದೆ. ಕಾರಿನ ಪರದೆಯಲ್ಲಿ ಬರುವ ಲೈಸೆನ್ಸ್ ಬರಹದಲ್ಲಿ ಅವರ ಈಮೇಲ್ ಇರುವುದರಿಂದ ಕಾರಿನ ಮಾಲೀಕರು ಅವರಿಗೇ ರಿಪೇರಿ ಕೇಳಿ ಬರೆಯುತ್ತಾರಂತೆ! ಇಷ್ಟಾದರೂ ಇಪ್ಪತ್ತು ವರ್ಷದ ಹತ್ತಿರ ಅವರು ಬೇರೆ ಕೆಲಸ ಮಾಡುತ್ತಾ ಸಂಜೆ ಹೊತ್ತು ಇದನ್ನು ನೋಡಿಕೊಂಡರು. ಇದೇ ಅವರ ಪೂರ್ತಿ ಉದ್ಯೋಗ ಆಗಿದ್ದು 2019ರಲ್ಲಿ, ಒಂದು ಕಂಪನಿ ಇದಕ್ಕಾಗಿಯೇ ಸಂಬಳ ಕೊಟ್ಟಾಗ. ನಾರ್ವೆಯ ಸಿಂಡ್ರೆ ಸೋರ್ಹುಸ್ ಅನ್ನುವವರ ದಾರಿ ಬೇರೆ. ಸಾವಿರಕ್ಕೂ ಹೆಚ್ಚು ಪುಟ್ಟ ಪುಟ್ಟ ಪ್ಯಾಕೇಜು ಬರೆದಿದ್ದಾರೆ, ಬಳಸುವವರು ತಿಂಗಳು ತಿಂಗಳು ಕೊಡುವ ಹಣ ಅವರಿಗೆ ದೊಡ್ಡ ಆಸರೆ. ಅಂಥವರು ಬೆರಳೆಣಿಕೆ. ನಮ್ಮಲ್ಲೂ ಬೆಂಗಳೂರಿನ ಝೆರೋಧಾ 2024ರಲ್ಲಿ ವರ್ಷಕ್ಕೆ 10 ಲಕ್ಷ ಡಾಲರಿನ ಒಂದು ನಿಧಿಯನ್ನು ಇಂಥ ಪ್ರಾಜೆಕ್ಟುಗಳಿಗೆ ಅಂತಲೇ ಘೋಷಿಸಿತು.

ಅಂದಹಾಗೆ ಅಮ್ಮಾ, ನಿಮ್ಮ ಮಗನಿಗೆ ಸಂಬಳದ ಕೆಲಸ ಇದೆ ಅಂತ ನೀವೇ ಬರೆದಿದ್ದೀರಿ. ಅದನ್ನು ಬಿಡುತ್ತೇನೆ ಅಂದಾಗ ಮಾತ್ರ ಗದರಿಸಿ. ಮುಂದೆ ಕೆಲಸ ಬದಲಿಸುವಾಗ, ಅವನು ಬರೆದ ಕೋಡು ಯಾರು ಬೇಕಾದರೂ ತೆರೆದು ನೋಡುವ ಹಾಗಿರುವುದು ಅವನಿಗೆ ಲಾಭವೇ. ರಾತ್ರಿ ನಿದ್ದೆಯ ವಿಷಯಕ್ಕೆ ನಾನೂ ನಿಮ್ಮ ಪರ. ಆದರೆ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೇ ಸಲ ಪೊರೆ ಬಿಟ್ಟು, ರಾತ್ರಿ ಹಗಲು ಸೊಪ್ಪು ತಿನ್ನಲು ಶುರು ಮಾಡಿದ ಮೇಲೆ ನಿಮ್ಮ ಮನೆಯಲ್ಲಿ ಯಾರು ನಿದ್ದೆ ಮಾಡುತ್ತೀರಿ, ಹೇಳಿ? ಹುಳಕ್ಕೆ ಭಾನುವಾರ ಗೊತ್ತಿಲ್ಲ, ಬಗ್ಗಿಗೂ ಗೊತ್ತಿಲ್ಲ.

ದಿನಾ ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುತ್ತೇನೆ. ಸೀಟು ಸಿಕ್ಕಿದ ದಿನ ಲ್ಯಾಪ್‌ಟಾಪ್ ತೆಗೆದು ಒಂದು ಲೈಬ್ರರಿ (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಕೋಡಿನ ಕಟ್ಟು) ಬರೆಯುತ್ತಿದ್ದೇನೆ. ಇದನ್ನು ಹಾಗೇ ಗಿಟ್‌ಹಬ್‌ಗೆ ಹಾಕಬಹುದಾ?
— ಉದ್ಯೋಗಿ, ಬಂಗಾರಪೇಟೆ

ಲ್ಯಾಪ್‌ಟಾಪ್ ಯಾರದು? ನೀವು ಬರೆದಿಲ್ಲ, ಅದೇ ಮುಖ್ಯ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಕೆಲಸದ ಭಾಗವಾಗಿ ನೌಕರ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕನದು. ರೈಲಿನಲ್ಲಿ ಬರೆದೆ, ಆಫೀಸಿನಲ್ಲಿ ಅಲ್ಲ ಅಂದರೆ ಸಾಲದು. ಎಷ್ಟೋ ಆಫರ್ ಲೆಟರುಗಳಲ್ಲಿ ಕೆಲಸದಲ್ಲಿರುವಷ್ಟು ದಿನ ನೀವು ಏನು ಬರೆದರೂ ನಮ್ಮದು ಅಂತ ಒಂದು ಸಾಲು ಅಡಗಿರುತ್ತದೆ. ಸೇರುವ ದಿನ ಅದನ್ನು ಯಾರೂ ಓದಲ್ಲ, ನಾನೂ ಓದಿರಲಿಲ್ಲ. ಈಗ ತೆಗೆದು ಓದಿ. ಮ್ಯಾನೇಜರ್‌ಗೆ ಒಂದು ಮೇಲ್ ಹಾಕಿ, ಉತ್ತರ ಬರಹದಲ್ಲಿ ತಗೊಳ್ಳಿ. ಬಾಯಿಮಾತಿನ ‘ಆಯ್ತು ಮಾಡಿ’ ಸಾಲದು.

ಒಪ್ಪಿಗೆ ಸಿಕ್ಕ ಮೇಲೆ ಲೈಸೆನ್ಸ್ ಫೈಲ್ ಹಾಕುವುದನ್ನು ಮರೆಯಬೇಡಿ. ಕೋಡು ಎಲ್ಲರಿಗೂ ಕಾಣುತ್ತಿದ್ದ ಮಾತ್ರಕ್ಕೆ ಅದು ಓಪನ್ ಸೋರ್ಸ್ ಆಗಲ್ಲ. ಎಂಐಟಿ ಲೈಸೆನ್ಸ್ ಅಂದರೆ ಯಾರು ಏನು ಬೇಕಾದರೂ ಮಾಡಿಕೊಳ್ಳಲಿ, ನನ್ನ ಕಾಪಿರೈಟ್ ಸಾಲನ್ನು ಮಾತ್ರ ಉಳಿಸಿ ಅಂತ. ಜಿಪಿಎಲ್ ಅಂದರೆ ತಿದ್ದಿ ಬೇರೆಯವರಿಗೆ ಕೊಡುವವರು ಸೋರ್ಸ್ ಕೂಡ ಅದೇ ಷರತ್ತಿನಲ್ಲಿ ಕೊಡಬೇಕು ಅಂತ. ಸಣ್ಣ ಲೈಬ್ರರಿಗೆ ನಾನಾದರೆ ಎಂಐಟಿ ಹಾಕುತ್ತೇನೆ.

ಒಂದು ಪ್ರಸಿದ್ಧ ಪ್ರಾಜೆಕ್ಟಿಗೆ ಪ್ಯಾಚ್ (ಕೋಡಿಗೆ ತಿದ್ದುಪಡಿ) ಕಳಿಸಿದೆ. ಮೂರು ವಾರ ಸುಮ್ಮನಿದ್ದು, ಆಮೇಲೆ ‘ಬೇಡ’ ಅಂತ ಒಂದೇ ಸಾಲಿನಲ್ಲಿ ಮುಚ್ಚಿದರು. ಇಷ್ಟು ಕೊಬ್ಬಾ?
— ಹೆಸರು ಬೇಡ, ಚಿಂತಾಮಣಿ

ಕೊಬ್ಬಿನವರೂ ಇದ್ದಾರೆ, ಇಲ್ಲ ಅನ್ನಲ್ಲ. ಟೊರ್ವಾಲ್ಡ್ಸ್ ಅವರೇ ತಮ್ಮ ಒರಟು ಮೇಲ್‌ಗಳಿಗೆ 2018ರಲ್ಲಿ ಕ್ಷಮೆ ಕೇಳಿ ಸ್ವಲ್ಪ ದಿನ ರಜೆ ಹಾಕಿದ್ದರು. ಆದರೆ ಮೂರು ವಾರ ಕಾಯಿಸಿದ್ದಕ್ಕೆ ಬೈಯಬೇಡಿ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝೆಡ್ ಎಂಬ, ಫೈಲು ಕುಗ್ಗಿಸುವ ಸಣ್ಣ ಸಾಫ್ಟ್‌ವೇರಿನಲ್ಲಿ ಕಳ್ಳಬಾಗಿಲು ಸಿಕ್ಕಿತಲ್ಲ, ಅದು ನಡೆದದ್ದು ಹೇಗೆ? ಒಂಟಿಯಾಗಿ ದುಡಿದು ದಣಿದಿದ್ದ ಮೇಂಟೇನರ್ ಮೇಲೆ ‘ಯಾಕಿಷ್ಟು ನಿಧಾನ, ಬೇರೆಯವರಿಗೆ ಕೊಡಿ’ ಅಂತ ಒತ್ತಡ ಬಂತು. ಸಭ್ಯವಾಗಿ ಪ್ಯಾಚ್ ಕಳಿಸುತ್ತಿದ್ದ ಒಬ್ಬನ ಕೈಗೆ ಬೀಗದಕೈ ಹೋಯಿತು. ಅವನೇ ಕಳ್ಳ. ಪುಣ್ಯಕ್ಕೆ ಆಂಡ್ರೆಸ್ ಫ್ರೂಂಡ್ ಎಂಬ ಇಂಜಿನಿಯರ್, ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆಯಲ್ಲ ಅಂತ ತಲೆ ಕೆಡಿಸಿಕೊಂಡು ಹುಡುಕಿದ್ದರಿಂದ ಸಿಕ್ಕಿಬಿತ್ತು.

ಒಂದು ಮಾತು ಕೇಳಲಾ, ಬೇಜಾರಾಗಬೇಡಿ. ಪ್ಯಾಚ್ ನೀವೇ ಬರೆದಿರೋ, ಎಐ ಹತ್ತಿರ ಬರೆಸಿದಿರೋ? ಆಗಲೇ ಹೇಳಿದ ಕರ್ಲ್‌ನವರಿಗೆ ಎಐ ಹೆಣೆದ ಸುಳ್ಳು ದೂರುಗಳನ್ನು ಓದಿ ಓದಿಯೇ ಸಾಕಾಗಿ ಹೋಗಿದೆ. ನೀವೇ ಬರೆದಿದ್ದರೆ ‘ಯಾಕೆ ಬೇಡ, ಮುಂದಿನ ಸಲ ಏನು ತಿದ್ದಲಿ’ ಅಂತ ಒಂದೇ ಸಲ ಕೇಳಿ. ಉತ್ತರ ಬರದಿದ್ದರೆ ಬೇರೆ ಪ್ರಾಜೆಕ್ಟ್ ನೋಡಿಕೊಳ್ಳಿ.

ಕೋಡ್ ಬರೆಯಲು ಬರಲ್ಲ, ಕನ್ನಡ ಮೇಷ್ಟ್ರು ನಾನು. ನನಗೇನಾದರೂ ಕೆಲಸ ಇದೆಯಾ?
— ಶಿಕ್ಷಕರು, ಗುಬ್ಬಿ

ಧಾರಾಳ, ಮೇಷ್ಟ್ರೇ. ನಿಮ್ಮೂರಿನ ಹೆಸರಿದ್ದಂತೆ ‘ಗುಬ್ಬಿ’ ಅನ್ನುವ ಒಂದು ಮುಕ್ತ ಕನ್ನಡ ಫಾಂಟ್ ಇದೆ, ಜೊತೆಗೆ ‘ನವಿಲು’ ಕೂಡ. ಲಿನಕ್ಸಿನ ಡೆಬಿಯನ್‌ನಲ್ಲಿ ಎರಡೂ ಸಿಗುತ್ತವೆ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್‌ಗಳಿಗೆ ಕನ್ನಡ ಅನುವಾದ ಬೇಕು, ಆಗಿರುವುದನ್ನು ತಿದ್ದುವವರು ಇನ್ನೂ ಜಾಸ್ತಿ ಬೇಕು. ಟೆಸರಾಕ್ಟ್ ಎಂಬ ಸಾಫ್ಟ್‌ವೇರ್ ಹಳೆ ಪುಸ್ತಕದ ಪುಟದ ಚಿತ್ರದಿಂದ ಅಕ್ಷರ ಹೆಕ್ಕುತ್ತದೆ, ಕನ್ನಡವನ್ನೂ ಓದುತ್ತದೆ, ಒತ್ತಕ್ಷರ ಬಂದಲ್ಲಿ ಎಡವುತ್ತದೆ. ಎಲ್ಲೆಲ್ಲಿ ಎಡವಿತು ಅಂತ ಪುಟದ ಸಮೇತ ಬರೆದು ಕಳಿಸಿದರೆ ಅದೂ ಕೊಡುಗೆಯೇ. ಮಕ್ಕಳ ನೋಟ್‌ಬುಕ್ ತಿದ್ದಿದವರಿಗೆ ಇದು ಹೊಸದಲ್ಲ.

ಇಷ್ಟೆಲ್ಲ ಉಪದೇಶ ಮಾಡ್ತೀರಲ್ಲ, ನೀವೇನು ಮಾಡಿದ್ದೀರಿ?
— ಓದುಗ, ಮಧುಗಿರಿ

ಸಿಕ್ಕಿಬಿದ್ದೆ. ಹಳೆ ಕನ್ನಡ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳನ್ನು ಯೂನಿಕೋಡಿಗೆ (ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ ಪದ್ಧತಿಗೆ) ಬದಲಿಸುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದೆ. ನನ್ನ ಅಗತ್ಯಕ್ಕೆ ಬರೆದದ್ದು, ಸುಮ್ನೆ ಹೊರಗೂ ಹಾಕಿದೆ. ಹಳೆ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಅದನ್ನು ಹಿಂದಕ್ಕೆ ಸರಿಸುವುದರಲ್ಲೇ ಒಂದು ತಿಂಗಳು ಹೋಯಿತು. ಆಮೇಲೆ ಬೇಜಾರಾಗಿ ಬಿಟ್ಟುಬಿಟ್ಟೆ. ನಾಲ್ಕು ವರ್ಷ ಅದರ ಕಡೆ ತಿರುಗಿ ನೋಡಿಲ್ಲ. ಯಾರೂ ಬಳಸುತ್ತಿಲ್ಲ ಅಂತಲೇ ಅಂದುಕೊಂಡಿದ್ದೆ.

ಹೋದ ವಾರ ಒಂದು ಪ್ರಿಂಟಿಂಗ್ ಪ್ರೆಸ್ಸಿನವರ ಮೇಲ್ ಬಂತು. ದಿನಾ ಅದನ್ನೇ ಬಳಸುತ್ತಾರಂತೆ, ‘ಸೂರ್ಯ’ ಅಂತ ಇರುವಲ್ಲೆಲ್ಲ ಕೆಡುತ್ತಿದೆಯಂತೆ. ಇನ್ನೂ ಉತ್ತರ ಬರೆದಿಲ್ಲ. ಈ ಅಂಕಣ ಕಳಿಸಿದ ಮೇಲೆ ಕೂರಬೇಕು.