ಸಂಪಾದಕರ ಉತ್ತರ: ಕಟ್ಟದೆ ಕಾಯುವುದು ಹೇಗೆ?

ಓದುಗರ ಪತ್ರದ ಆಯ್ದ ಭಾಗ: "ಮರೆವಿನ ಕಾಯಿಲೆಯವರನ್ನು ಮಂಚಕ್ಕೆ ಕಟ್ಟುವುದು ಕ್ರೌರ್ಯ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನ್ನ ಮಾವನವರಿಗೆ 78 ವರ್ಷ. ಬಸ್ ನಿರ್ವಾಹಕರಾಗಿ ನಿವೃತ್ತರಾದವರು. ನಾಲ್ಕು ವರ್ಷಗಳಿಂದ ಡಿಮೆನ್ಶಿಯಾ. ಅಂಗಿ ಬಿಚ್ಚಲು ಹೋದರೆ ಹೊಡೆಯುತ್ತಾರೆ. ಸ್ನಾನವೆಂದರೆ ದಿನವೂ ರಂಪ. ಬೆಳಗಿನ ಜಾವ ಮೂರೂವರೆಗೆ ಎದ್ದು ಬಾಗಿಲಿನ ಚಿಲಕ ಬಡಿಯುತ್ತಾರೆ. ಕಳೆದ ತಿಂಗಳು ಒಂದು ರಾತ್ರಿ ನಾನೂ ಹೋಂ ನರ್ಸ್ ಕೂಡ ಸೇರಿ ಹಳೆಯ ಸೀರೆಯಿಂದ ಅವರ ಕೈ ಕಟ್ಟಿದೆವು. ಈಗ ಸೇರಿಸಬೇಕೆಂದಿರುವ ಆರೈಕೆ ಕೇಂದ್ರದವರು ಅಗತ್ಯ ಬಿದ್ದರೆ ಕಟ್ಟುತ್ತೇವೆ, ಒಪ್ಪಿಗೆಗೆ ಸಹಿ ಹಾಕಿ ಎನ್ನುತ್ತಿದ್ದಾರೆ. ಬರೆಯುವುದು ಸುಲಭ. ಆ ಹೊತ್ತಿನಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?"
— ಹೆಸರು ಪ್ರಕಟಿಸಬೇಡಿ ಎಂದ ಓದುಗರು, ಧಾರವಾಡ ಜಿಲ್ಲೆ

ಸಹೋದರಿ,

ನಿಮ್ಮ ಪ್ರಶ್ನೆಗೆ ಮೊದಲು ನೇರ ಉತ್ತರ. ಅಂಥ ಹೊತ್ತು ನನಗೂ ಬಂದಿತ್ತು. ಆಗ ನಾನು ಸಹಿ ಹಾಕಿದೆ.

ನನ್ನ ತಾಯಿಯ ಕೊನೆಯ ಎರಡು ವರ್ಷ ಒಂದು ಆರೈಕೆ ಕೇಂದ್ರದಲ್ಲಿ ಕಳೆದವು. ಊಟದ ತಟ್ಟೆ ತಳ್ಳುತ್ತಾರೆ, ತುತ್ತಿಡಲು ಹೋದವರ ಕೈ ಕಚ್ಚುತ್ತಾರೆ ಎಂದು ದೂರು ಬಂತು. ಕಾಗದ ಮುಂದಿಟ್ಟರು, ಸಹಿ ಮಾಡಿದೆ. ಮುಂದಿನ ಭಾನುವಾರ ಹೋದಾಗ ಅಮ್ಮನ ಎರಡೂ ಮಣಿಕಟ್ಟಿನಲ್ಲಿ ಕೆಂಪು ಬರೆ ಇತ್ತು. ನಿದ್ದೆಯ ಮಾತ್ರೆಯ ಮಂಪರಿನಲ್ಲಿದ್ದರು, ನನ್ನನ್ನು ಗುರುತಿಸಲಿಲ್ಲ. ಹನ್ನೊಂದು ದಿನ ಹೀಗೇ ನಡೆಯಿತು. ಕೊನೆಗೆ ಅಲ್ಲಿ ನೆಲ ಒರೆಸಲು ಬರುತ್ತಿದ್ದ ಹೆಂಗಸೊಬ್ಬರು, "ಅಜ್ಜಿ ಬಲಗೆನ್ನೆ ಮುಟ್ಟಲು ಬಿಡುವುದಿಲ್ಲ, ಹಲ್ಲು ನೋಡಿಸಿ" ಎಂದರು. ದವಡೆಯ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ಹಲ್ಲು ಕಿತ್ತ ಮೂರನೆಯ ದಿನ ಅಮ್ಮ ಗಂಜಿ ಕುಡಿದರು, ಯಾರನ್ನೂ ಕಚ್ಚಲಿಲ್ಲ. ನಾವು ಹಠ ಎಂದು ಕರೆದದ್ದು ಹಲ್ಲುನೋವಾಗಿತ್ತು. ಅದನ್ನು ಹೇಳಲು ಅವರಿಗೆ ಉಳಿದಿದ್ದದ್ದು ಆ ಕೈ, ಆ ಬಾಯಿ ಅಷ್ಟೇ. ಆ ಕೈಯನ್ನೂ ಕಟ್ಟಲು ನಾನು ಒಪ್ಪಿಗೆ ಕೊಟ್ಟಿದ್ದೆ.

ಕಳೆದ ಸಂಚಿಕೆಯ ಆ ಸಾಲಿನ ಹಿಂದೆ ಇದಿತ್ತು. ಆದರೆ ಇದನ್ನು ಹೇಳದೆ ತೀರ್ಪು ಮಾತ್ರ ಬರೆದೆ. ನಿಮಗೆ ನೋವಾದದ್ದು ಸಹಜ. ಅದಕ್ಕೆ ಕ್ಷಮೆ ಕೇಳುತ್ತೇನೆ. ಕಟ್ಟಬಾರದು ಎಂಬ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ನಿಮ್ಮ ಪತ್ರದಲ್ಲಿ ನೀವೇ ಬರೆದ ಎರಡು ಸಂಗತಿಗಳ ಮೇಲೆ ನನ್ನ ಕಣ್ಣು ನಿಂತಿತು. ಮಾವನವರು ಮೂರು ದಶಕ ನಿರ್ವಾಹಕರಾಗಿದ್ದವರು. ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದವರು ಮೂರೂವರೆಗೆ ಏಳದೆ ಇನ್ನೆಷ್ಟು ಹೊತ್ತಿಗೆ ಏಳಬೇಕು? ಅಂಗಿಗೆ ಕೈ ಹಾಕಿದರೆ ಹೊಡೆಯುತ್ತಾರೆ ಎಂದಿದ್ದೀರಿ. ಟಿಕೆಟ್ ಹಣ ಇಟ್ಟುಕೊಂಡ ಜೇಬಿಗೆ ಪರರು ಕೈ ಹಾಕಿದರೆ ಯಾವ ನಿರ್ವಾಹಕರು ಸುಮ್ಮನಿರುತ್ತಾರೆ? ಇದು ನನ್ನ ಊಹೆ, ತಪ್ಪಿರಬಹುದು. ಪರೀಕ್ಷಿಸಿ ನೋಡುವುದರಿಂದ ನಷ್ಟವಿಲ್ಲ. ಅಂಗಿ ಬದಲಿಸುವ ಮೊದಲು ಜೇಬಿನಲ್ಲಿರುವುದನ್ನು ಅವರ ಕೈಯಿಂದಲೇ ತೆಗೆಸಿ, ಅವರ ಎದುರಿಗೇ ಒಂದು ಚೀಲದಲ್ಲಿ ಹಾಕಿ, ಚೀಲವನ್ನು ಅವರ ಕೈಗೇ ಕೊಡಿ. ಮೂರೂವರೆಗೆ ಎದ್ದರೆ ಮಲಗಿ ಎನ್ನಬೇಡಿ. ದೀಪ ಹಾಕಿ, ಬಿಸಿ ಹಾಲು ಕೊಟ್ಟು, ಹಜಾರದಲ್ಲಿ ನಾಲ್ಕು ಸುತ್ತು ನಡೆಸಿ. "ಡ್ಯೂಟಿ ಇಲ್ಲ, ನಿವೃತ್ತರಾಗಿದ್ದೀರಿ" ಎಂದು ವಾದಕ್ಕಿಳಿದರೆ ಅವರಿಗೆ ಆ ಸುದ್ದಿ ದಿನವೂ ಹೊಸದು, ದಿನವೂ ಆಘಾತ.

ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ಹೊಡೆಯುವ ಮೊದಲು ಏನಾಯಿತು, ಅವರು ಏನು ಮಾಡಿದರು, ಆಮೇಲೆ ನೀವು ಏನು ಮಾಡಿದಿರಿ ಎಂದು ಮೂರು ಕಾಲಂ ಸಾಕು. ಹತ್ತು ದಿನದಲ್ಲಿ ಹೊತ್ತು, ಜಾಗ, ಮನುಷ್ಯರು, ಸದ್ದು ಇವುಗಳಲ್ಲಿ ಏನೋ ಒಂದು ಮರುಕಳಿಸುವುದು ಕಾಣತೊಡಗುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಒಂದೆರಡು ದಿನದೊಳಗೆ ವರ್ತನೆ ಥಟ್ಟನೆ ಕೆಟ್ಟರೆ ಕಾಯಿಲೆ ಮುಂದುವರಿಯಿತು ಎಂದು ಕೈಚೆಲ್ಲಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರಿನ ಕೊರತೆ, ಹೊಸದಾಗಿ ಶುರುಮಾಡಿದ ಶೀತದ ಮಾತ್ರೆ, ಇವುಗಳಲ್ಲಿ ಯಾವುದಾದರೂ ಒಂದು ವಯಸ್ಸಾದ ಮಿದುಳನ್ನು ಹೀಗೆ ಕದಡಬಲ್ಲದು. ಅದೇ ದಿನ ವೈದ್ಯರಿಗೆ ತೋರಿಸಬೇಕು.

ಸ್ನಾನದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಹೆಚ್ಚು ಏಟುಗಳು ಬೀಳುವುದು ಬಚ್ಚಲಿನಲ್ಲೇ. ಅವರ ಜಾಗದಲ್ಲಿ ನಿಂತು ನೋಡಿ. ಪರಿಚಯವಿಲ್ಲದ ಹೆಣ್ಣುಮಗಳೊಬ್ಬಳು ಬಟ್ಟೆ ಬಿಚ್ಚುತ್ತಾಳೆ, ಕಾಲ ಕೆಳಗೆ ಜಾರುತ್ತದೆ, ಹೇಳದೆ ಕೇಳದೆ ತಲೆಯ ಮೇಲೆ ನೀರು ಬೀಳುತ್ತದೆ. ತಲೆಗೆ ನೀರು ಕೊನೆಗೆ ಇರಲಿ, ಪಾದದಿಂದ ಶುರುಮಾಡಿ. ಕುರ್ಚಿಯ ಮೇಲೆ ಕೂರಿಸಿ, ಸೊಂಟಕ್ಕೆ ಪಂಚೆ ಇರಲಿ, ಬಟ್ಟೆಯ ಮೇಲಿನಿಂದಲೇ ನೀರು ಹಾಕಬಹುದು. ಚೊಂಬನ್ನು ಅವರ ಕೈಗೆ ಕೊಡಿ. ಒಬ್ಬರೇ ಮಾತನಾಡಿ, ಒಂದು ಸಲಕ್ಕೆ ಒಂದೇ ಮಾತು. ಸಾಧ್ಯವಾದರೆ ಗಂಡಸರು ಸ್ನಾನ ಮಾಡಿಸಲಿ. ಆಗದ ದಿನ ಬಿಟ್ಟುಬಿಡಿ, ಬಿಸಿನೀರಿನಲ್ಲಿ ಅದ್ದಿದ ಟವೆಲಿನಿಂದ ಮೈ ಒರೆಸಿದರೆ ಸಾಕು. ದಿನಾ ಸ್ನಾನ ಮಾಡಿಸದಿದ್ದರೆ ನೆಂಟರು ಏನಂದಾರು ಎಂಬ ಚಿಂತೆ ಬೇಡ.

ಇಷ್ಟೆಲ್ಲ ಮಾಡಿದರೂ ಕೈ ಎತ್ತುವ ದಿನ ಬರುತ್ತದೆ. ಅಂದು ನಿಮ್ಮ ಸುರಕ್ಷತೆ ಮೊದಲು. ಹಿಂದೆ ಸರಿಯಿರಿ, ಕೈಗೆಟುಕದಷ್ಟು ದೂರ. ಬಾಗಿಲು ನಿಮಗೆ ಹತ್ತಿರವಿರಲಿ, ಆದರೆ ಅವರ ದಾರಿಗೆ ಅಡ್ಡ ನಿಲ್ಲಬೇಡಿ. ತಾಳಿಸರ ಕುಪ್ಪಸದ ಒಳಗಿರಲಿ. ಗಾಜಿನ ಬಳೆ, ಸೀರೆಯ ಪಿನ್ನು ಆರೈಕೆಯ ಹೊತ್ತಿನಲ್ಲಿ ಬೇಡ. ಕೂದಲು ಹಿಡಿದರೆ ಎಳೆದುಕೊಳ್ಳಬೇಡಿ, ಅವರ ಕೈಯನ್ನು ನಿಮ್ಮ ತಲೆಗೇ ಒತ್ತಿ ಹಿಡಿದು ಮೆತ್ತಗೆ ಮಾತನಾಡಿಸಿ, ಹಿಡಿತ ಸಡಿಲುತ್ತದೆ. ಯಾವ ಕಾರಣಕ್ಕೂ ಮುಖ ಕೆಳಗಾಗಿ ಮಲಗಿಸಿ ಒತ್ತಬಾರದು, ಎದೆ ಅಥವಾ ಬೆನ್ನಿನ ಮೇಲೆ ಭಾರ ಹಾಕಬಾರದು. ಹಾಗೆ ಹಿಡಿದಾಗ ಉಸಿರುಕಟ್ಟಿ ಜೀವಗಳು ಹೋಗಿವೆ. ಕಟ್ಟುವುದೂ ಸುರಕ್ಷಿತವಲ್ಲ. ಬಿಡಿಸಿಕೊಳ್ಳಲು ಹೆಣಗಿ ಮಂಚದಿಂದ ಜೋತುಬೀಳುತ್ತಾರೆ, ಬೆನ್ನಿಗೆ ಹುಣ್ಣಾಗುತ್ತದೆ, ನಡೆಯುತ್ತಿದ್ದ ಕಾಲು ಕೆಲವೇ ವಾರಗಳಲ್ಲಿ ಬಲ ಕಳೆದುಕೊಳ್ಳುತ್ತದೆ.

ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯನ್ನು ನೆನೆಯದೆ ಈ ವಿಷಯ ಬರೆಯಲು ನನಗೆ ಆಗುವುದಿಲ್ಲ. 2001ರ ಆಗಸ್ಟ್ 6ರ ನಸುಕಿನಲ್ಲಿ ಅಲ್ಲಿನ ಖಾಸಗಿ ಆಶ್ರಯ ಮನೆಯೊಂದಕ್ಕೆ ಬೆಂಕಿ ಬಿತ್ತು. ಮಾನಸಿಕ ಕಾಯಿಲೆಯವರನ್ನು ಅಲ್ಲಿ ಸರಪಳಿಯಲ್ಲಿ ಬಿಗಿದಿದ್ದರು. 28 ಜನ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಯಾವುದೇ ರೂಪದಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಅದೇ ಕಾಯ್ದೆಯ 97ನೇ ಕಲಮು ಒಂಟಿಕೋಣೆಯಲ್ಲಿ ಕೂಡಿಹಾಕುವುದನ್ನೂ ತಡೆಯುತ್ತದೆ. ದೈಹಿಕ ನಿರ್ಬಂಧ ಹೇರಬೇಕಾದರೆ ಆ ಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇರಬಾರದು, ಮನೋವೈದ್ಯರ ಅನುಮತಿ ಬೇಕು, ಕಾರಣ ಮತ್ತು ಅವಧಿಯನ್ನು ಕೂಡಲೇ ದಾಖಲಿಸಬೇಕು, ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಯಾಗಿ ಬಳಸುವಂತಿಲ್ಲ. ಸಿಬ್ಬಂದಿ ಕಡಿಮೆ ಎಂಬುದನ್ನು ಕಾರಣವಾಗಿ ಹೇಳುವಂತಿಲ್ಲ. ಈ ಕಲಮು ಮಾನಸಿಕ ಆರೋಗ್ಯ ಸಂಸ್ಥೆಗಳನ್ನು ಉದ್ದೇಶಿಸಿ ಬರೆದದ್ದು. ಆದರೂ ನೀವು ನೋಡಿರುವ ಕೇಂದ್ರವನ್ನು ಇದೇ ಅಳತೆಗೋಲಿನಿಂದ ಅಳೆಯಿರಿ.

ಆ ಕಾಗದಕ್ಕೆ ಸಹಿ ಹಾಕಬೇಡಿ. ಅದಕ್ಕೆ ಬದಲು ಕೇಳಿ: ರಾತ್ರಿ ಎಷ್ಟು ಜನರಿಗೆ ಎಷ್ಟು ಜನ ನೋಡಿಕೊಳ್ಳುವವರು? ಹೊಡೆಸಿಕೊಂಡ ಸಿಬ್ಬಂದಿಗೆ ಆಮೇಲೆ ಏನು ಮಾಡುತ್ತೀರಿ? ಕೊನೆಯ ಸಲ ಯಾರನ್ನು ಕಟ್ಟಿದಿರಿ, ಅದನ್ನು ಎಲ್ಲಿ ಬರೆದಿಟ್ಟಿದ್ದೀರಿ? ಎರಡನೆಯ ಪ್ರಶ್ನೆಗೆ ತಡವರಿಸುವ ಕೇಂದ್ರದ ಮೇಲೆ ನನಗೆ ನಂಬಿಕೆಯಿಲ್ಲ. ಏಟು ತಿಂದು ಮರುಗಳಿಗೆಯೇ ಇನ್ನೊಬ್ಬರ ಡಯಾಪರ್ ಬದಲಿಸಲು ಹೋಗಬೇಕಾದ ಹುಡುಗಿಯ ಕೈ ಮೆತ್ತಗಿರಲಿ ಎಂದು ನಾವು ಹೇಗೆ ಬಯಸುವುದು?

ಮಾತ್ರೆಗಳ ಬಗ್ಗೆ ಒಂದೇ ಮಾತು. ಮನೋವಿಕಾರಕ್ಕೆ ಕೊಡುವ ಕೆಲವು ಔಷಧಗಳು ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತು. ಇದರರ್ಥ ನೀವೇ ಮಾತ್ರೆ ನಿಲ್ಲಿಸಬೇಕು ಎಂದಲ್ಲ. ಏಕೆ, ಎಷ್ಟು ದಿನ, ಯಾವಾಗ ಕಡಿಮೆ ಮಾಡುತ್ತೀರಿ ಎಂದು ವೈದ್ಯರನ್ನು ಕೇಳಿ. ಧಾರವಾಡದಲ್ಲೇ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ ಡಿಮ್ಹಾನ್ಸ್ ಇದೆ, ನೋಟ್‌ಪುಸ್ತಕ ಹಿಡಿದುಕೊಂಡು ಹೋಗಿ. ನಡುರಾತ್ರಿ ದಿಕ್ಕು ತೋಚದಾದಾಗ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತನಾಡಬಹುದು.

ಇನ್ನೊಂದು ಸಂಗತಿ ಹೇಳಲೇಬೇಕು. ನಿಮ್ಮ ಮೂರು ಪುಟದ ಪತ್ರದಲ್ಲಿ ನಿಮ್ಮ ಯಜಮಾನರು ಒಂದು ಸಾಲಿನಲ್ಲಿ, ಮೈದುನ ಅರ್ಧ ಸಾಲಿನಲ್ಲಿ ಬರುತ್ತಾರೆ. ಒಬ್ಬರಿಗೆ ಬೆಳಗ್ಗೆ ಕೆಲಸವಿರುವುದರಿಂದ ನಿದ್ದೆ ಬೇಕು, ಇನ್ನೊಬ್ಬರು ಹಣ ಕಳಿಸುತ್ತಾರೆ. ಮೂರು ಗಂಟೆ ಮಾತ್ರ ಮಲಗುವ ನಿಮಗೆ ಬೆಳಗ್ಗೆ ಕೆಲಸವಿಲ್ಲವೇ? ಆ ರಾತ್ರಿ ಮಾವನವರ ಕೈ ಕಟ್ಟಿದ್ದು ನೀವು ನಿರ್ದಯಿ ಎಂದಲ್ಲ. ಇಡೀ ಮನೆ ಮಲಗಿದ್ದಾಗ ನೀವಿಬ್ಬರೇ ಹೆಂಗಸರು ಎಚ್ಚರವಿದ್ದಿರಿ, ಅದಕ್ಕೆ. ವಾರದಲ್ಲಿ ಮೂರು ರಾತ್ರಿ ಮಗನೇ ತಂದೆಯ ಕೋಣೆಯಲ್ಲಿ ಮಲಗಲಿ. ಈ ಪುಟವನ್ನು ಅವರಿಗೆ ಓದಲು ಕೊಡಿ, ನಾನು ಬರೆದಿದ್ದೇನೆಂದೇ ಹೇಳಿ.

ಪತ್ರದ ಅಂಚಿನಲ್ಲಿ, ಅಂದಿನಿಂದ ಎಡಗೈ ಕಿರುಬೆರಳು ಮಡಚಲು ಬರುತ್ತಿಲ್ಲ ಎಂದು ಸಣ್ಣಕ್ಷರದಲ್ಲಿ ಬರೆದಿದ್ದೀರಿ. ಒಂದು ತಿಂಗಳಾಯಿತು. ನಾಳೆಯೇ ಹೋಗಿ ಎಕ್ಸ್-ರೇ ತೆಗೆಸಿ.

— ಸಂಪಾದಕ