ಒಮ್ಮೆ ಕೊಟ್ಟ ದಾನಿಗಳು ಮತ್ತೆ ಕೊಡುವ ಹಾಗೆ ಹೇಗೆ ಬರೆಯಬೇಕು?

ನಿಮ್ಮದು ಹಳ್ಳಿ ಮಕ್ಕಳ ಓದಿಗೆ ನೆರವಾಗುವ ಚಿಕ್ಕ ಟ್ರಸ್ಟ್, ಮೊದಲ ವರ್ಷ ಕೊಟ್ಟವರು ಈಗ ಮೆಸೇಜಿಗೆ ಉತ್ತರವನ್ನೂ ಕೊಡಲ್ಲ ಅಂದಿದ್ದೀರಿ. ನಾನೂ ಇಂಥದ್ದೇ ಒಂದು ಸಂಸ್ಥೆಯಲ್ಲಿ ದಾನಿಗಳ ಜೊತೆಗಿನ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ.

ಮೊದಲು ವಾಟ್ಸಾಪ್ ತೆಗೆದು, ಯಾರಾದರೂ ಒಬ್ಬ ದಾನಿಗೆ ಕಳಿಸಿದ್ದನ್ನೆಲ್ಲ ಓದಿ ನೋಡಿ. ಮೇ ತಿಂಗಳಲ್ಲಿ ನೋಟ್‌ಬುಕ್ಕಿಗೆ ದುಡ್ಡು ಬೇಕು. ಗಣೇಶನ ಹಬ್ಬಕ್ಕೆ ಶುಭಾಶಯ, ಕೆಳಗೆ ಕ್ಯೂಆರ್ ಕೋಡ್. ಮಾರ್ಚ್ ಕೊನೆಗೆ 'ತೆರಿಗೆ ಉಳಿಸಿ'. ಹೀಗಿದ್ದರೆ ನಿಮ್ಮ ಹೆಸರು ಕಂಡ ಕೂಡಲೇ ಅವರು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ, ಅಷ್ಟೇ. ಏನನ್ನೂ ಕೇಳದೆ ಬರೆದ ಮೆಸೇಜ್ ಒಂದಾದರೂ ಇದೆಯಾ?

ದುಡ್ಡು ಬಂದ ಮಾರನೇ ದಿನವೇ ಫೋನ್ ಮಾಡಿ. ಟ್ರಸ್ಟಿಗಳೇ ಮಾಡಿದರೆ ಇನ್ನೂ ಒಳ್ಳೆಯದು. 'ನಮ್ಮ ವಿಷಯ ಹೇಗೆ ಗೊತ್ತಾಯ್ತು ಸಾರ್?' ಅಂತ ಕೇಳಿ, ಆಮೇಲೆ ಸುಮ್ನೆ ಕೇಳಿಸಿಕೊಳ್ಳಿ. ಒಬ್ಬರು ತಾವು ಹಾಸ್ಟೆಲ್‌ನಲ್ಲಿದ್ದು ಓದಿದ ಕತೆ ಹೇಳುತ್ತಾರೆ. ಇನ್ನೊಬ್ಬರು ಅಮ್ಮನ ತಿಥಿ ದಿನ ಕೊಟ್ಟೆ ಅನ್ನುತ್ತಾರೆ. ಅದನ್ನು ಎಕ್ಸೆಲ್‌ನಲ್ಲಿ ಅವರ ಹೆಸರಿನ ಮುಂದೆ ಬರೆದಿಡಿ. ಮುಂದಿನ ವರ್ಷ ಆ ದಿನಕ್ಕೆ ಸ್ವಲ್ಪ ಮೊದಲು ಅವರೊಬ್ಬರಿಗೇ ಬರೆಯುವ ನಾಲ್ಕು ಸಾಲಿಗೂ ಎಲ್ಲರಿಗೂ ಬ್ರಾಡ್‌ಕಾಸ್ಟ್ ಮಾಡುವ ಮೆಸೇಜಿಗೂ ಅಜಗಜಾಂತರ.

'ನಿಮ್ಮ ಉದಾರ ನೆರವಿನಿಂದ ಹಲವು ಮಕ್ಕಳ ಬಾಳು ಬೆಳಗಿದೆ' ಅನ್ನೋದನ್ನು ಯಾರೂ ಓದಲ್ಲ. ನಾನಾದರೆ ಹೀಗೆ ಬರೆಯುತ್ತೇನೆ: 'ಮೇಡಂ, ನೀವು ಕೊಟ್ಟ 3,000 ರೂಪಾಯಿ ಸಂಜೆ ಗಣಿತ ಪಾಠ ಮಾಡುವ ಮೇಷ್ಟ್ರ ಸಂಬಳಕ್ಕೆ ಹೋಯಿತು. ಮಕ್ಕಳಿಗೆ ಭಿನ್ನರಾಶಿ ಈಗ ಬರುತ್ತೆ, ಬೀಜಗಣಿತ ಇನ್ನೂ ಕಷ್ಟ. ಮಳೆಗೆ ಕರೆಂಟ್ ಹೋಗಿ ಎರಡು ವಾರ ಪಾಠ ನಡೆಯಲಿಲ್ಲ.' ಕೊನೆಯ ಸಾಲನ್ನು ತೆಗೆಯಬೇಡಿ. ಅದು ಇದ್ದರೇನೇ ಮೇಲಿನದನ್ನು ನಂಬುತ್ತಾರೆ. ಸಂಬಳಕ್ಕೆ ಹೋಯಿತು ಅಂತ ಹೇಳೋಕೂ ಹಿಂಜರಿಯಬೇಡಿ. ಮೇಷ್ಟ್ರಿಲ್ಲದೆ ಪಾಠ ಆಗುತ್ತದಾ?

ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಟ್‌ಬುಕ್ ಹಿಡಿಸಿ ತೆಗೆಯುವ ಫೋಟೋ ಬಿಟ್ಟುಬಿಡಿ. (ಫ್ಯಾನಿನ ರೆಕ್ಕೆ ಮೇಲೆ ದಾನಿಗಳ ಹೆಸರು ಬರೆಸೋದನ್ನೂ. ಫ್ಯಾನ್ ತಿರುಗುವಾಗ ಯಾರಿಗೆ ಕಾಣಬೇಕು?)

ಇನ್ನು ಆ ಮಾರ್ಚ್ ಮೆಸೇಜ್. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ದಾನ ಕೊಟ್ಟಿದ್ದಕ್ಕೆ ಸಿಗುವ ತೆರಿಗೆ ವಿನಾಯಿತಿಯೇ (80ಜಿ ಅಂತ ಕರೆಯೋದು) ಇಲ್ಲ. ಅಂಥವರಿಗೆ 'ತೆರಿಗೆ ಉಳಿಸಿ' ಅಂದರೆ, ಇವರಿಗೆ ನಾನು ಯಾರು ಅಂತಲೇ ಗೊತ್ತಿಲ್ಲ ಅಂದುಕೊಳ್ಳುತ್ತಾರೆ. ಹಳೇ ಪದ್ಧತಿಯವರಿಗೆ ದಾನದ ಸರ್ಟಿಫಿಕೇಟ್ ಅವರು ಕೇಳುವ ಮೊದಲೇ ತಲುಪಲಿ, ರಿಟರ್ನ್ಸ್ ಹಾಕುವ ಹೊತ್ತಿಗೆ ನಿಮ್ಮನ್ನು ಹುಡುಕಿಕೊಂಡು ಫೋನ್ ಮಾಡುವ ಹಾಗಾಗಬಾರದು. ನಗದು 2,000 ರೂಪಾಯಿ ಮೀರಿದರೆ ವಿನಾಯಿತಿ ಸಿಗಲ್ಲ ಅನ್ನೋದನ್ನು ದುಡ್ಡು ತಗೊಳ್ಳುವ ಮುಂಚೆಯೇ ಹೇಳಿ.

ಅಮೆರಿಕದಲ್ಲಿರುವ ಊರಿನವರು ಕೊಡ್ತೀವಿ ಅಂದರೆ ಪೌರತ್ವ ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದು ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋದು) ಇಟ್ಟುಕೊಂಡವರದ್ದಾದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಮುಟ್ಟುವಂತಿಲ್ಲ. ಕೇಳೋಕೆ ಮುಜುಗರ ನಿಜ, ಆದರೆ ಬಂದ ದುಡ್ಡನ್ನು ಯಾಕೆ ವಾಪಸ್ ಕಳಿಸ್ತಿದ್ದೀವಿ ಅಂತ ಮೇಲ್ ಬರೆಯೋದು ಅದಕ್ಕಿಂತ ಕಷ್ಟ.